ಮೂರು ಲೋಟಗಳ ಪರೀಕ್ಷೆಯಿಂದ ಬೆಳೆದ ವಿದ್ಯೆ

ಬಿಯರ್ ರುಚಿಯನ್ನು ಮೊದಲು ಶಿಸ್ತಾಗಿ ಕಲಿತದ್ದು ಅದನ್ನು ತಯಾರಿಸುವ ಕಾರ್ಖಾನೆಗಳೇ. ಈ ವಾರದ ಬಿಯರ್ ಹೋದ ವಾರದಂತೆಯೇ ಇರಬೇಕು ಎಂಬುದಷ್ಟೇ ಅವುಗಳ ಚಿಂತೆ. 1940ರ ದಶಕದಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ನಲ್ಲಿ ಮೂರು ಲೋಟಗಳ ಪರೀಕ್ಷೆ ರೂಪುಗೊಂಡಿತು. ಎರಡು ಲೋಟಗಳಲ್ಲಿ ಒಂದೇ ಬಿಯರ್, ಇನ್ನೊಂದರಲ್ಲಿ ಬೇರೆ. ಬೇರೆ ಯಾವುದೆಂದು ಹೇಳಬೇಕು. ಕಣ್ಣುಮುಚ್ಚಿ ಊಹಿಸಿದರೂ ಮೂರರಲ್ಲಿ ಒಮ್ಮೆ ಸರಿಯಾಗುವುದರಿಂದ, ಮತ್ತೆ ಮತ್ತೆ ಸರಿ ಹೇಳಿದವರ ನಾಲಗೆಗೆ ಮಾತ್ರ ಬೆಲೆ. ಹೊಸಬರಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಪಾಠವಿಲ್ಲ ಎಂದೇ ನನ್ನ ಅನಿಸಿಕೆ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಇದಕ್ಕೂ ಅದಕ್ಕೂ ಏನು ವ್ಯತ್ಯಾಸ ಎಂದು ಕೇಳಿ ನೋಡಿ, ಮಾತು ಹೊರಡುತ್ತದೆ.

ವ್ಯತ್ಯಾಸ ತಿಳಿದ ಮೇಲೆ ಅದಕ್ಕೊಂದು ಹೆಸರು ಬೇಕು. ಡೆನ್ಮಾರ್ಕ್ ಮೂಲದ ಮಾರ್ಟನ್ ಮೈಲ್ಗಾರ್ಡ್ ಮತ್ತು ಸಂಗಡಿಗರು 1970ರ ದಶಕದ ಕೊನೆಗೆ ರುಚಿಚಕ್ರವೊಂದನ್ನು ರಚಿಸಿದರು. ಬಿಯರಿನ ವಾಸನೆ, ರುಚಿಗಳನ್ನೆಲ್ಲ 14 ವರ್ಗಗಳಾಗಿ ಒಡೆದು ವೃತ್ತದಲ್ಲಿ ಜೋಡಿಸಿದ ಪಟ್ಟಿ ಅದು. ಇದರಲ್ಲಿ ದೋಷಗಳದ್ದೇ ದೊಡ್ಡ ಪಾಲು. ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್, ಬೇಯಿಸಿದ ಮೆಕ್ಕೆಜೋಳದ ವಾಸನೆಗೆ ಡೈಮೀಥೈಲ್ ಸಲ್ಫೈಡ್, ಒದ್ದೆ ರಟ್ಟಿನ ಮುಗ್ಗಲು ಬಂದರೆ ಹಳತಾಗಿದೆ ಎಂದರ್ಥ. ಬಿಸಿಲಿಗಿಟ್ಟ ಬಾಟಲಿಯಲ್ಲಿ ಹಾಪ್ಸ್ ಎಂಬ ಹೂವಿನ ಕಹಿ ಅಂಶಗಳು ಬೆಳಕಿಗೆ ಒಡೆದು ಗಬ್ಬು ವಾಸನೆ ಹುಟ್ಟುತ್ತದೆ. ಬಾಟಲಿಗಳು ಬಹುಪಾಲು ಕಂದು ಬಣ್ಣದವಾಗಿರುವುದಕ್ಕೆ ಕಾರಣ ಇದೇ.

ತಪ್ಪು ಹಿಡಿಯಲು ಕಟ್ಟಿದ ಈ ಪದಕೋಶವನ್ನು ಕುಡಿಯುವವರ ಕೈಗಿತ್ತರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಯಾವ ಬಿಯರಿನಲ್ಲಿ ಯಾವುದು ತಪ್ಪು? ಜರ್ಮನಿಯ ಪಿಲ್ಸ್ ಎಂಬ ತಿಳಿ ಲಾಗರ್‌ನಲ್ಲಿ (ಲಾಗರ್ ಎಂದರೆ ತಂಪಿನಲ್ಲಿ ಹುದುಗೆಬ್ಬಿಸಿದ ಬಿಯರ್) ಬೆಣ್ಣೆಯ ವಾಸನೆ ದೋಷ, ಜೆಕ್ ಲಾಗರ್‌ನಲ್ಲಿ ಅದರ ಎಳೆಯೊಂದು ಇದ್ದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಶೈಲಿ, ಅಂದರೆ ಬಿಯರಿನ ಬಗೆ, ಗೊತ್ತಿಲ್ಲದೆ ರುಚಿಯ ತೀರ್ಪು ಕೊಡಲಾಗದು.

ಶೈಲಿಗಳ ಹಿಂದೆ ಆಯಾ ಊರಿನ ನೀರು, ಬಾರ್ಲಿ ಒಣಗಿಸುವ ಒಲೆ ಇವುಗಳ ಕೈವಾಡವಿದೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟನ್ನು, ಅಂದರೆ ಮೊಳಕೆಯೊಡೆಸಿ ಒಣಗಿಸಿದ ಬಾರ್ಲಿಯನ್ನು, ಸೀಯದಂತೆ ಕಪ್ಪಾಗಿ ಹುರಿಯುವ ಉರುಳೆಗೆ ಪೇಟೆಂಟ್ ಪಡೆದ. ಪೋರ್ಟರ್, ಸ್ಟೌಟ್ ಎಂಬ ಬಿಯರುಗಳ ಕಪ್ಪು ಬಣ್ಣ, ಕಾಫಿಯಂಥ ಕಹಿ ಅಲ್ಲಿಂದ ಸುಲಭವಾಯಿತು. 1842ರಲ್ಲಿ ಬೊಹೀಮಿಯದ ಪಿಲ್ಸೆನ್‌ನಲ್ಲಿ ಬವೇರಿಯದ ಯೋಸೆಫ್ ಗ್ರೋಲ್ ಅಲ್ಲಿನ ಮೆದು ನೀರು, ತಿಳಿ ಮಾಲ್ಟ್, ಸಾಜ್ ಹಾಪ್ಸ್ ಸೇರಿಸಿ ಹೊಂಬಣ್ಣದ ಲಾಗರ್ ತಯಾರಿಸಿದ. ಇವತ್ತು ಜಗತ್ತಿನಲ್ಲಿ ಮಾರಾಟವಾಗುವ ಬಹುಪಾಲು ಬಿಯರ್ ಅದರದೇ ಸಂತಾನ, ಹೆಚ್ಚಿನವು ತೆಳ್ಳಗಾದ ಸಂತಾನ.

ಈ ಶೈಲಿಗಳನ್ನೆಲ್ಲ ಒಂದು ನಕ್ಷೆಗೆ ತಂದವನು ಯಾರ್ಕ್‌ಶೈರಿನ ಪತ್ರಕರ್ತ ಮೈಕೆಲ್ ಜಾಕ್ಸನ್. (ಹಾಡುಗಾರನ ಹೆಸರು ಬಂದು ಬಡಿದದ್ದು ಪಾಪ, ಅವನ ದುರದೃಷ್ಟ.) 1977ರ ‘ದ ವರ್ಲ್ಡ್ ಗೈಡ್ ಟು ಬಿಯರ್’ ಪುಸ್ತಕದಲ್ಲಿ ಅವನು ಬ್ರಾಂಡುಗಳಾಚೆ ನೋಡಿ, ಬಿಯರನ್ನು ಶೈಲಿಗಳಾಗಿ ವಿಂಗಡಿಸಿದ. ಬ್ರಸೆಲ್ಸ್ ಸುತ್ತಮುತ್ತ ಗಾಳಿಯ ಯೀಸ್ಟಿನಿಂದಲೇ ಹುದುಗೇಳುವ, ಹುಳಿಯಾದ ಲ್ಯಾಂಬಿಕ್‌ನಂಥ, ಹೊರಜಗತ್ತು ಕೇಳಿಯೇ ಇರದ ಬಿಯರುಗಳಿಗೆ ಅವನ ಬರಹದಿಂದ ಮರ್ಯಾದೆ ಬಂತು. ರುಚಿಯ ಜೊತೆಗೆ ಊರನ್ನೂ ಜನರನ್ನೂ ಹೇಳುತ್ತಿದ್ದ ಕಾರಣ ಹೊಸಬರಿಗೆ ಈಗಲೂ ಅವನೇ ಒಳ್ಳೆಯ ಗುರು.

ಅವನ ನಕ್ಷೆಯನ್ನು ಅಮೆರಿಕದವರು ಕಾನೂನಿನ ಹತ್ತಿರಕ್ಕೆ ಒಯ್ದರು. ಮನೆಯಲ್ಲಿ ಬಿಯರ್ ತಯಾರಿಸುವವರ ಸ್ಪರ್ಧೆಗಳಿಗೆಂದು 1985ರಲ್ಲಿ ಶುರುವಾದ ಬಿಜೆಸಿಪಿ ಎಂಬ ತೀರ್ಪುಗಾರರ ಸಂಸ್ಥೆ 50 ಅಂಕಗಳ ಪಟ್ಟಿ ರೂಪಿಸಿತು: ಘಮಕ್ಕೆ 12, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10, ನೋಟಕ್ಕೆ ಬರೀ 3. ಬಣ್ಣ ನೋಡಿಯೇ ‘ಇದು ಸ್ಟ್ರಾಂಗ್’ ಎನ್ನುವವರು ಆ ಕೊನೆಯ ಅಂಕಿಯನ್ನು ಗಮನಿಸಬೇಕು. ಸ್ಪರ್ಧೆಗೆಂದು ಬರೆದ ಶೈಲಿ ವಿವರಣೆಗಳನ್ನು ಹಲವರು ಶಾಸನದಂತೆ ಓದುತ್ತಾರೆ. ಅದು ನನಗೆ ಒಗ್ಗದು. 2008ರಲ್ಲಿ ಅಮೆರಿಕದ ರೇ ಡೇನಿಯಲ್ಸ್ ಆರಂಭಿಸಿದ ಸಿಸೆರೋನ್ ಪರೀಕ್ಷೆಗಳು ಇದೇ ಜ್ಞಾನವನ್ನು ಬಡಿಸುವವರಿಗೂ ತಲುಪಿಸಿದವು.

ನಮ್ಮಲ್ಲಿ ಬಿಯರ್ ಎಂದರೆ ಬಹುಕಾಲ ಲಾಗರ್ ಮಾತ್ರ. 2010ರ ನಂತರ ಬೆಂಗಳೂರಿನಲ್ಲಿ ಇಂದಿರಾನಗರದ ಟಾಯ್ಟ್‌ನಂಥ ಕಿರು ಬ್ರೂವರಿಗಳು ಬಂದು, ಪುಟ್ಟ ಲೋಟಗಳಲ್ಲಿ ಹಲವು ಶೈಲಿಗಳು ಒಂದೇ ಮೇಜಿಗೆ ಸಿಗತೊಡಗಿದವು. ಮೊದಲು ಲಾಗರ್, ಬಳಿಕ ಬವೇರಿಯ ಮಾದರಿಯ ಗೋಧಿ ಬಿಯರ್, ಕೊನೆಗೆ ಸ್ಟೌಟ್ ಎಂಬ ಕ್ರಮ ಒಳ್ಳೆಯದು. ಹುರಿದ ಮಾಲ್ಟಿನ ಕಹಿ ಮೊದಲೇ ಬಾಯಿಗೆ ಬಿದ್ದರೆ ಮಿಕ್ಕದ್ದು ತಿಳಿಯುವುದಿಲ್ಲ. ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ಘಮ ಬರುತ್ತದೆ. ಯಾವುದನ್ನೂ ಹಾಕಿರುವುದಿಲ್ಲ, ಎರಡೂ ಯೀಸ್ಟಿನ ಕೆಲಸ. ಅದೇ ಬಾಳೆಹಣ್ಣು ಲಾಗರ್‌ನಲ್ಲಿ ಎದ್ದು ಬಂದರೆ ತಯಾರಿಸಿದವರು ತಲೆ ಕೆರೆದುಕೊಳ್ಳಬೇಕು. ಮಂಜುಗಟ್ಟಿದ ಲೋಟದಲ್ಲಿ ತಂದಿಟ್ಟರೆ ಸ್ವಲ್ಪ ಹೊತ್ತು ಬಿಟ್ಟು ಕುಡಿಯಿರಿ. ಕೊರೆಯುವ ತಂಪಿನಲ್ಲಿ ಘಮ ಏಳುವುದೇ ಇಲ್ಲ.