ವಾಣಿಜ್ಯ ನೆಲೆಸುವ ಊರು

ತುಮಕೂರಿಗೆ ಹೊಂದಿಕೊಂಡಿದ್ದ ಮರಳೂರು ಒಂದು ಕಾಲಕ್ಕೆ ತನ್ನ ಕೆರೆಯನ್ನು ನಂಬಿ ಬಾಳಿದ ಗ್ರಾಮ. ಇಂದು ಅದು ತುಮಕೂರು ನಗರದ ಒಂದು ಭಾಗ. ಊರು ನಗರವನ್ನು ಅರಸಿ ಹೋಗಲಿಲ್ಲ. ನಗರವೇ ಊರಿಗೆ ಬಂದಿತು. ವ್ಯಾಪಾರೋದ್ಯಮಗಳು ಕೆಲವೆಡೆ ಮಾತ್ರ ಗುಂಪುಗೂಡಿ ಬೆಳೆಯುವುದೇಕೆಂಬ ಪ್ರಶ್ನೆಗೆ ಈ ಸೀಮೆಯ ಇತಿಹಾಸದಲ್ಲಿಯೇ ಉತ್ತರವುಂಟು.

ಮೊದಲನೆಯ ಕಾರಣ ದಾರಿ. ಮಲೆನಾಡಿನ ಅಡಕೆ ಮೂಡಣ ಪೇಟೆಗಳಿಗೆ ಸಾಗುತ್ತಿದ್ದ ಮಾರ್ಗದಲ್ಲಿದ್ದುದರಿಂದ ಗುಬ್ಬಿಯು ಹಿಂದಿನ ಮೈಸೂರು ಸಂಸ್ಥಾನದಲ್ಲಿ ಹೆಸರಾದ ವ್ಯಾಪಾರಸ್ಥಳವಾಗಿತ್ತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲುಮಾರ್ಗ ತೆರೆಯಿತು. ಅಂದಿನಿಂದ ಜಿಲ್ಲಾಕೇಂದ್ರದ ಸೆಳೆತ ಹೆಚ್ಚುತ್ತ ಬಂದಿತು.

ದಾರಿಯೊಂದೇ ಸಾಲದು. ಆಂಗ್ಲ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ಲನು 1890ರ ತನ್ನ ಗ್ರಂಥದಲ್ಲಿ ಮೂರು ಕಾರಣಗಳನ್ನು ವಿವರಿಸಿದನು: ಒಂದೆಡೆ ನೆರೆದ ಉದ್ಯಮಗಳಿಗೆ ನುರಿತ ಕೆಲಸಗಾರರು ಸುಲಭವಾಗಿ ದೊರೆಯುವರು, ಪೂರಕ ಕಸುಬುಗಳು ಪಕ್ಕದಲ್ಲಿಯೇ ಹುಟ್ಟಿಕೊಳ್ಳುವವು, ಕಸುಬಿನ ಅರಿವು ಬಾಯಿಂದ ಬಾಯಿಗೆ ಹರಡುವುದು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಕೊಳ್ಳುವವರು ಬರುವರೆಂದು ಬೆಳೆಗಾರರು ಬರುತ್ತಾರೆ. ಬೆಳೆಗಾರರು ಬರುವರೆಂದು ಕೊಳ್ಳುವವರು ಬರುತ್ತಾರೆ.

ಕನ್ನಡ ನಾಡಿನ ಶಾಸನಗಳು ಇವುಗಳೊಡನೆ ನಾಲ್ಕನೆಯ ಕಾರಣವೊಂದನ್ನು ಸೂಚಿಸುತ್ತವೆ. ಅದು ನಂಬಿಕೆ. ಅಯ್ಯಾವೊಳೆಯ ಐನೂರ್ವರಂತಹ ವರ್ತಕಸಂಘಗಳು ದೂರದೇಶಗಳಲ್ಲಿ ವ್ಯವಹರಿಸಿದ್ದು ಕೊಟ್ಟ ಮಾತಿನ ಬಲದಿಂದ. ಶ್ರವಣಬೆಳಗೊಳದ ನಗರ ಜಿನಾಲಯವನ್ನು 1195ರಲ್ಲಿ ಕಟ್ಟಿಸಿದ ನಾಗದೇವನು ಇಮ್ಮಡಿ ವೀರಬಲ್ಲಾಳನ ಪಟ್ಟಣಸ್ವಾಮಿಯಾಗಿದ್ದನು; ಆ ಬಸದಿಯ ಪಾಲನೆ ಅಲ್ಲಿನ ನಗರದವರೆಂಬ ವರ್ತಕರದಾಗಿತ್ತು. ಬಸದಿಗೆ ಬಿಟ್ಟ ದತ್ತಿಯನ್ನು ಕೂಡಿ ಕಾಯುವವರು ಪೇಟೆಯಲ್ಲಿ ತೂಕಕ್ಕೂ ಲೆಕ್ಕಕ್ಕೂ ತಪ್ಪಿದರೆ ಒಬ್ಬರಿಗೊಬ್ಬರು ಮುಖ ತೋರಿಸುವುದೆಂತು?

ಈಚಿನ ಕಾಲದ ಪಾಠವೂ ಗಮನಾರ್ಹವಾಗಿದೆ. 1978ರಲ್ಲಿ ತುಮಕೂರಿಗೆ ಬಂದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ 2016ರಲ್ಲಿ ಮುಚ್ಚಿತು. ಆದರೆ ನಗರ ಕುಗ್ಗಲಿಲ್ಲ. ವಸಂತನರಸಾಪುರದಲ್ಲಿ 2014ರಲ್ಲಿ ಆಹಾರ ಪಾರ್ಕ್ ಉದ್ಘಾಟನೆಯಾಗಿತ್ತು. 2023ರಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಯಿತು. ಒಂದೇ ಕಂಬದ ಮೇಲೆ ನಿಂತ ಮಂಟಪ ಕಂಬ ಮುರಿದರೆ ಕುಸಿಯುವುದು. ಹಲವು ಕಂಬಗಳದು ನಿಲ್ಲುವುದು.

ಆದರೆ ಈ ಸೆಳೆತಕ್ಕೆ ಇನ್ನೊಂದು ಮುಖವಿದೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿದೆ. ತುಮಕೂರಿಗೆ ಸಮೀಪದ ಮಂದರಗಿರಿಯ ಮೇಲೆ ಪ್ರಾಚೀನ ಬಸದಿಗಳಿವೆ. ಇವನ್ನು ಕಟ್ಟಿಸಿದವರ ಕಾಲದ ಸಿರಿ ಎಂದೋ ಬೇರೆಡೆಗೆ ಸರಿದಿದೆ. ವಾಣಿಜ್ಯಕ್ಕೆ ಕಾಲುಂಟು, ಬಸದಿಗೆ ಇಲ್ಲ. ಅಂಗಡಿ ಬೀಗ ಹಾಕಿ ಮತ್ತೊಂದು ಪೇಟೆಯಲ್ಲಿ ತೆರೆಯಬಹುದು. ಪ್ರತಿಷ್ಠಾಪಿಸಿದ ಬಿಂಬವನ್ನು ಹಾಗೆ ಒಯ್ಯಲಾಗದು.

ಆದುದರಿಂದ ಹಳ್ಳಿಯಿಂದ ನಗರಕ್ಕೆ ಬಂದ ಮನೆತನಗಳನ್ನು ದೂಷಿಸುವುದು ಸಲ್ಲದು. ಸಂಪತ್ತು ಕೂಡುವಲ್ಲಿಗೆ ಜನ ಹೋಗುವುದು ಲೋಕಸಹಜ. ಕೇಳಬೇಕಾದ ಪ್ರಶ್ನೆ ಬೇರೆ. ನಗರದಲ್ಲಿ ಗಳಿಸಿದ್ದರಲ್ಲಿ ಒಂದು ಪಾಲು ಹಿರಿಯರ ಊರಿನ ನಂದಾದೀಪದ ಎಣ್ಣೆಗೆ ಹಿಂದಿರುಗುತ್ತಿದೆಯೇ? ಹಾಗೆ ಹಿಂದಿರುಗುವವರೆಗೆ ನಗರವೂ ಹಳ್ಳಿಯೂ ಒಂದೇ ಸಮಾಜವಾಗಿ ಉಳಿಯುವವು.