ಹಿರಿಮಗನಿಗೆ ಕಿರಿಪಾಲು: ಬ್ರೇಂಟ್ರಿಯ ರೈತನೊಬ್ಬನ ಉಯಿಲು

ಮ್ಯಾಸಚೂಸೆಟ್ಸ್ ವಸಾಹತಿನ ಬ್ರೇಂಟ್ರಿ ಎಂಬ ಊರಿನಲ್ಲಿ 1761ರ ಮೇ 25ರಂದು ಜಾನ್ ಆಡಮ್ಸ್ ಎಂಬ ಎಪ್ಪತ್ತರ ರೈತ ತೀರಿಕೊಂಡ. ಆ ವರ್ಷ ಊರಿಗೆ ಬಡಿದಿದ್ದ ಫ್ಲೂ ಜ್ವರಕ್ಕೆ ಬಲಿಯಾದವರಲ್ಲಿ ಅವನೂ ಒಬ್ಬ. ಬೇಸಾಯದ ಜೊತೆಗೆ ಚಳಿಗಾಲದಲ್ಲಿ ಜೋಡು ಹೊಲಿಯುತ್ತಿದ್ದ. ಚರ್ಚಿನಲ್ಲಿ ಡೀಕನ್ ಆಗಿದ್ದ, ಊರಿನ ಆಡಳಿತ ನೋಡುವ ಸೆಲೆಕ್ಟ್‌ಮನ್ ಆಗಿ ಹಲವು ಬಾರಿ ದುಡಿದಿದ್ದ. ಅವನಿಗೆ ಮೂವರು ಗಂಡುಮಕ್ಕಳು: 1735ರಲ್ಲಿ ಹುಟ್ಟಿದ ಜಾನ್, 1738ರಲ್ಲಿ ಹುಟ್ಟಿದ ಪೀಟರ್ ಬಾಯ್ಲ್‌ಸ್ಟನ್, 1741ರಲ್ಲಿ ಹುಟ್ಟಿದ ಎಲಿಹು. ಹಿರಿಯವನು ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷನಾದ. ಹೀಗಾಗಿ ಈ ಮನೆತನದ ಕಾಗದಪತ್ರಗಳು ಉಳಿದುಕೊಂಡಿವೆ. ಅಂದಿನ ಸಾಮಾನ್ಯ ರೈತನೊಬ್ಬ ಮಕ್ಕಳಿಗೆ ಆಸ್ತಿ ಹಂಚಿದ ಬಗೆಯನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಅಪರೂಪ. ಮಗ ಅಧ್ಯಕ್ಷನಾದದ್ದನ್ನು ಬದಿಗಿಟ್ಟು, ಅಪ್ಪ ಪಾಲು ಮಾಡಿದ ರೀತಿಯನ್ನಷ್ಟೇ ನೋಡುವುದು ನನ್ನ ಉದ್ದೇಶ.

ಉಯಿಲು ಬರೆಯದೆ ಸತ್ತವನ ಆಸ್ತಿ ಹೇಗೆ ಹಂಚಿಕೆಯಾಗಬೇಕೆಂದು ಮ್ಯಾಸಚೂಸೆಟ್ಸಿನ 1692ರ ಕಾಯಿದೆ ಹೇಳುತ್ತಿತ್ತು. ವಿಧವೆಗೆ ಚರಾಸ್ತಿಯಲ್ಲಿ ಮೂರನೆಯ ಒಂದು ಭಾಗ. ಜಮೀನಿನಲ್ಲೂ ಮೂರನೆಯ ಒಂದು ಭಾಗ, ಆದರೆ ಅದು ಬದುಕಿರುವಷ್ಟು ಕಾಲ ಮಾತ್ರ. ಉಳಿದದ್ದು ಮಕ್ಕಳಿಗೆ ಸಮಪಾಲು, ಹಿರಿಮಗನಿಗೆ ಮಾತ್ರ ಎರಡು ಪಾಲು. ತಂದೆ ಬದುಕಿದ್ದಾಗಲೇ ಯಾವ ಮಗುವಿಗಾದರೂ ಕೊಟ್ಟದ್ದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿರಿಯನಿಗೆ ಇಮ್ಮಡಿ ಎಂಬುದು ಬೈಬಲ್ಲಿನ ಧರ್ಮೋಪದೇಶಕಾಂಡದಿಂದ ಬಂದ ವಿಧಿ. ಪ್ಯೂರಿಟನ್ನರು 1641ರ ತಮ್ಮ ಮೊದಲ ಶಾಸನದಲ್ಲೇ ಅದನ್ನು ಸೇರಿಸಿದ್ದರು. ಇಂಗ್ಲೆಂಡಿನಲ್ಲಾದರೋ ಉಯಿಲಿಲ್ಲದ ಜಮೀನೆಲ್ಲ ಸಾಮಾನ್ಯವಾಗಿ ಹಿರಿಮಗನಿಗೇ ಹೋಗುತ್ತಿತ್ತು. ಈ ಭೇದ ಲಂಡನ್ನಿನವರೆಗೂ ವ್ಯಾಜ್ಯವಾಗಿ ಹೋಯಿತು. ಮ್ಯಾಸಚೂಸೆಟ್ಸಿನದನ್ನೇ ಹೋಲುತ್ತಿದ್ದ ಕನೆಕ್ಟಿಕಟ್‌ನ ಕಾಯಿದೆಯನ್ನು ಪ್ರಿವಿ ಕೌನ್ಸಿಲ್ 1728ರಲ್ಲಿ ರದ್ದುಮಾಡಿತು. ಹತ್ತು ವರ್ಷಗಳ ತರುವಾಯ ಮ್ಯಾಸಚೂಸೆಟ್ಸಿನ ಕಾಯಿದೆಯನ್ನು ಅದೇ ಕೌನ್ಸಿಲ್ ಎತ್ತಿಹಿಡಿಯಿತು.

ಡೀಕನ್ ಆಡಮ್ಸ್ ಉಯಿಲು ಬರೆದಿಟ್ಟಿದ್ದ. ಅದರಲ್ಲಿ ಈ ವಿಧಿ ತಿರುವುಮುರುವಾಗಿದೆ. ಊರಿನ ರಸ್ತೆಯ ಬದಿ ಅವನಿಗೆ ಎರಡು ಮನೆಗಳಿದ್ದವು, ನಡುವೆ ಕೇವಲ 75 ಅಡಿ ಅಂತರ. 1720ರಲ್ಲಿ ಕೊಂಡು ತಾನು ಸಂಸಾರ ಹೂಡಿದ್ದ ಮನೆಯನ್ನೂ ಅದಕ್ಕೆ ಸೇರಿದ ಜಮೀನನ್ನೂ ನಡುವಣ ಮಗ ಪೀಟರ್‌ಗೆ ಕೊಟ್ಟ. ಊರಿನ ದಕ್ಷಿಣ ಭಾಗದ ಆಸ್ತಿ ಕಿರಿಯ ಎಲಿಹುಗೆ ಹೋಯಿತು. 1744ರಲ್ಲಿ ಕೊಂಡಿದ್ದ ಪಕ್ಕದ ಮನೆ ಹಿರಿಯ ಜಾನ್‌ನ ಪಾಲಾಯಿತು. ಮನೆಯ ಜೊತೆ ಅದಕ್ಕೆ ಹೊಂದಿದ ಹತ್ತು ಎಕರೆ, ಬೇರೆಡೆ ತೋಟ, ಹುಲ್ಲುಗಾವಲು, ಕಾಡು, ಜೌಗು ಎಲ್ಲ ಸೇರಿ ಇನ್ನೊಂದು ಮೂವತ್ತು ಎಕರೆ. ಎರಡು ಪಾಲು ಸಿಗಬೇಕಾದ ಹಿರಿಯನಿಗೆ ಮೂವರಲ್ಲೇ ಚಿಕ್ಕ ಪಾಲು ಬಂತು. ಕಾರಣ, ಅವನನ್ನು ಹಾರ್ವರ್ಡ್‌ನಲ್ಲಿ ಓದಿಸಲಾಗಿತ್ತು. 1751ರಿಂದ 1755ರವರೆಗಿನ ಆ ಓದಿನ ವೆಚ್ಚಕ್ಕೆ ಅಪ್ಪ ಹತ್ತು ಎಕರೆ ಜಮೀನು ಮಾರಿದನೆಂಬ ಮಾತೂ ಇದೆ.

ಇಲ್ಲಿ ಹಿರಿಯನಿಗೆ ಅನ್ಯಾಯವಾಯಿತೆಂದು ಓದುವುದು ತಪ್ಪು. ಮೂವರನ್ನೂ ಬದುಕಿನಲ್ಲಿ ನೆಲೆ ನಿಲ್ಲಿಸುವುದು ಅಪ್ಪನ ಗುರಿಯಾಗಿತ್ತು. ಎಕರೆಗಳನ್ನಷ್ಟೇ ಎಣಿಸಿದರೆ ಅದು ಕಾಣುವುದಿಲ್ಲ, ಕಾಲೇಜಿನ ಓದನ್ನೂ ಕೊಟ್ಟ ಪಾಲೆಂದು ಎಣಿಸಿದಾಗ ಕಾಣುತ್ತದೆ. ಈ ಎಣಿಕೆ ಆ ಮನೆತನಕ್ಕೆ ಹೊಸದೇನೂ ಅಲ್ಲ. ಡೀಕನ್ನನ ಸ್ವಂತ ಅಣ್ಣ ಜೋಸೆಫ್ 1710ರಲ್ಲಿ ಹಾರ್ವರ್ಡ್ ಮುಗಿಸಿ ನ್ಯೂ ಹ್ಯಾಂಪ್‌ಶೈರಿನ ನ್ಯೂವಿಂಗ್ಟನ್‌ನಲ್ಲಿ ಪಾದ್ರಿಯಾಗಿದ್ದ. ಕಾಲೇಜು ಕಾಣದ ತಮ್ಮ ಬ್ರೇಂಟ್ರಿಯಲ್ಲಿ ಉಳಿದು ನೇಗಿಲು ಹಿಡಿದಿದ್ದ. ಹಿರಿಯನನ್ನು ಓದಿಸಬೇಕೆಂದು ಮಗು ಹುಟ್ಟುವ ಮೊದಲೇ ಅಪ್ಪ ಗಟ್ಟಿಮಾಡಿಕೊಂಡಿದ್ದನೆಂದು ಜಾನ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಅದೇ ಆತ್ಮಕಥೆಯಲ್ಲಿ ಬರುವ ಇನ್ನೊಂದು ಪ್ರಸಂಗ ಉಯಿಲಿಗೆ ಕನ್ನಡಿ ಹಿಡಿಯುತ್ತದೆ. ಹುಡುಗ ಜಾನ್‌ಗೆ ಶಾಲೆ ಬೇಡ, ತಾನು ರೈತನಾಗುತ್ತೇನೆಂಬ ಹಟ. ಹಾಗಾದರೆ ಬೇಸಾಯವೆಂದರೇನೆಂದು ತೋರಿಸುತ್ತೇನೆ ಎಂದು ಅಪ್ಪ ಅವನನ್ನು ಪೆನ್ನಿ ಫೆರಿ ಎಂಬಲ್ಲಿಗೆ ಕರೆದೊಯ್ದು, ಜೌಗಿನ ಹುಲ್ಲು ಕೊಯ್ಯಲು ಜೊತೆಗೆ ಹಚ್ಚಿದ. ಇಡೀ ದಿನ ಕೆಸರಿನಲ್ಲಿ ದುಡಿತ. ಸಂಜೆ ಮನೆಯಲ್ಲಿ, ಈಗಲೂ ರೈತನಾಗುವ ಆಸೆಯಿದೆಯೇ ಎಂದು ಕೇಳಿದರೆ ಹುಡುಗ ಇದೆ ಎಂದ. ಅಪ್ಪ ಅದಕ್ಕೆ ಒಪ್ಪಲಿಲ್ಲ, ಮರುದಿನವೇ ಶಾಲೆಗೆ ಅಟ್ಟಿದ. ನೆಲವನ್ನೇ ನಂಬಿ ಬದುಕಿದವನಿಗೆ ಆ ನೆಲ ಮೂವರನ್ನು ಸಾಕದು ಎಂಬುದು ತಿಳಿದಿತ್ತೆಂದೇ ನನಗೆ ತೋರುತ್ತದೆ.

ಹಾಗೆ ತೋರುವುದಕ್ಕೆ ಆಧಾರವಿದೆ. ಮನೆತನದ ಮೂಲಪುರುಷ ಹೆನ್ರಿ ಆಡಮ್ಸ್ ವಲಸೆ ಬಂದಾಗ ಊರು ಅವನಿಗೆ 40 ಎಕರೆ ನೆಲ ಕೊಟ್ಟಿತ್ತು. ದೊಡ್ಡ ಸಂಸಾರ, 1646ರಲ್ಲಿ ಅವನು ಸತ್ತ ಮೇಲೆ ಮಕ್ಕಳಲ್ಲಿ ಹಲವರು ಮೆಡ್‌ಫೀಲ್ಡ್‌ನಂಥ ಹೊಸ ಊರುಗಳಿಗೆ ಹೋಗಿ ಬದುಕು ಕಟ್ಟಿಕೊಂಡರು. ಅವರಿಗೆ ಒಳನಾಡಿನಲ್ಲಿ ಬಿಡುವಾದ ನೆಲವಿತ್ತು. ಬ್ರೇಂಟ್ರಿ ಸೇರಿದ್ದ ಸಫೊಕ್ ಕೌಂಟಿಯಲ್ಲಿ ಮೊದಲ ತಲೆಮಾರಿನ ರೈತನ ಹಿಡುವಳಿ ಸರಾಸರಿ 150 ಎಕರೆಯಷ್ಟಿದ್ದು, 18ನೆಯ ಶತಮಾನದ ಕೊನೆಯ ಹೊತ್ತಿಗೆ 50ಕ್ಕೂ ಕೆಳಗಿಳಿದಿತ್ತೆಂದು ಇತಿಹಾಸಕಾರ ಕೆನೆತ್ ಲಾಕ್‌ರಿಜ್ ಲೆಕ್ಕ ಕಟ್ಟಿದ್ದಾರೆ. ಆ್ಯಂಡೊವರ್ ಊರಿನ ನಾಲ್ಕು ತಲೆಮಾರುಗಳನ್ನು ಬೆನ್ನಟ್ಟಿದ ಫಿಲಿಪ್ ಗ್ರೆವೆನ್ ಅವರ 1970ರ ಅಧ್ಯಯನದಲ್ಲೂ ಇದೇ ಒತ್ತಡ ಕಾಣುತ್ತದೆ. ಮೊದಲ ತಲೆಮಾರಿನ ಅಪ್ಪಂದಿರು ಮದುವೆಯಾದ ಮಕ್ಕಳನ್ನೂ ತಮ್ಮ ಜಮೀನಿನಲ್ಲೇ ಇರಿಸಿಕೊಂಡು, ಸಾಯುವವರೆಗೂ ಪತ್ರ ಮಾಡಿಕೊಡುತ್ತಿರಲಿಲ್ಲ. ಮುಂದಿನ ತಲೆಮಾರುಗಳಲ್ಲಿ ನೆಲ ಸಾಲದಾದಾಗ ಒಬ್ಬನಿಗೆ ಕಸುಬು ಕಲಿಸುವುದು, ಇನ್ನೊಬ್ಬನಿಗೆ ಹಣ ಕೊಟ್ಟು ಹೊರಗೆ ಕಳುಹಿಸುವುದು ರೂಢಿಗೆ ಬಂತು. ಡೀಕನ್ ಆಡಮ್ಸ್ ಮಾಡಿದ್ದು ಈ ರೂಢಿಯ ಜಾತಿಯದೇ.

ಈ ಮನೆಯಲ್ಲಿ ಹೆಣ್ಣುಮಕ್ಕಳಿರಲಿಲ್ಲ. ಇದ್ದ ಮನೆಗಳಲ್ಲಿ ಅವರ ಪಾಲು ಬಹುಮಟ್ಟಿಗೆ ಹಾಸಿಗೆ, ಪಾತ್ರೆ, ಬಟ್ಟೆ, ಹಸುಗಳ ರೂಪದಲ್ಲಿ, ಅದೂ ಮದುವೆಯ ಹೊತ್ತಿಗೆ ಸಲ್ಲುತ್ತಿತ್ತು. ಕಾಯಿದೆ ಮಗಳನ್ನೂ ಪಾಲುದಾರಳೆಂದಿದ್ದರೂ ಜಮೀನು ಗಂಡುಮಕ್ಕಳ ಕೈಯಲ್ಲೇ ನಿಲ್ಲುವಂತೆ ಅಪ್ಪಂದಿರು ಉಯಿಲು ಬರೆಯುತ್ತಿದ್ದರು. ನ್ಯೂ ಇಂಗ್ಲೆಂಡಿನ ಸಮಾನತೆಯನ್ನು ಹೊಗಳುವ ಬರಹಗಳು ಇದನ್ನು ಮರೆಯಬಾರದು.

ಅಪ್ಪ ಹಾಕಿದ ಗೆರೆಗಳು ಹೆಚ್ಚು ಕಾಲ ಉಳಿಯಲಿಲ್ಲ. ತನಗೆ ಬಂದ ಮನೆಯಲ್ಲಿ ಜಾನ್ ವಕೀಲಿ ಕಚೇರಿ ತೆರೆದ, ಕಕ್ಷಿದಾರರಿಗೆಂದು ಮನೆಯ ಮೂಲೆಯಲ್ಲಿ ಬೇರೆ ಬಾಗಿಲು ಮಾಡಿಸಿದ. 1764ರಲ್ಲಿ ಮದುವೆಯಾಗಿ ಅಬಿಗೇಲ್‌ಳನ್ನು ಕರೆತಂದದ್ದೂ ಅಲ್ಲಿಗೇ. ವಕೀಲಿಯಲ್ಲಿ ಗಳಿಸಿದ್ದನ್ನು ಮತ್ತೆ ನೆಲಕ್ಕೇ ಹಾಕಿದ. 1774ರ ಫೆಬ್ರವರಿಯಲ್ಲಿ ತಮ್ಮ ಪೀಟರ್‌ನಿಂದ ಅಪ್ಪನ ಮನೆ, ಕೊಟ್ಟಿಗೆ, ಅದರ 35 ಎಕರೆ ಮತ್ತು ಉತ್ತರದ ಗೋಮಾಳದಲ್ಲಿನ 18 ಎಕರೆಯನ್ನು 440 ಪೌಂಡಿಗೆ ಕೊಂಡುಕೊಂಡು ದಿನಚರಿಯಲ್ಲಿ ಬರೆದಿಟ್ಟ. ಓದಿಗೆ ಬದಲಾಗಿ ಬಿಟ್ಟುಕೊಟ್ಟಿದ್ದ ನೆಲವನ್ನು ಹದಿಮೂರು ವರ್ಷದೊಳಗೆ ಅದೇ ಓದಿನ ಗಳಿಕೆಯಿಂದ ಮರಳಿ ಪಡೆದ ಹಾಗಾಯಿತು. ಮರುವರ್ಷ ಎಲಿಹು ಸೇನಾ ಶಿಬಿರದಲ್ಲಿ ಹರಡಿದ ರಕ್ತಭೇದಿಯಿಂದ ಸತ್ತ.

ಹಿರಿಯನಿಗೆ ಎರಡು ಪಾಲು ಎಂಬ ವಿಧಿಯನ್ನು ಮ್ಯಾಸಚೂಸೆಟ್ಸ್ 1789ರಲ್ಲಿ ತೆಗೆದುಹಾಕಿತು. ಆಡಮ್ಸ್ ಮನೆಯ ಆಸ್ತಿ ಮುಂದಿನ ತಲೆಮಾರಿಗೆ ದಾಟಿದ್ದಾದರೂ ಕಾಯಿದೆಯಿಂದಲ್ಲ, ಉಯಿಲಿನಿಂದಲೂ ಅಲ್ಲ. 1803ರಲ್ಲಿ ಬರ್ಡ್, ಸ್ಯಾವೇಜ್ ಅಂಡ್ ಬರ್ಡ್ ಎಂಬ ಲಂಡನ್ನಿನ ಬ್ಯಾಂಕು ಮುಳುಗಿ ಜಾನ್‌ನ ಉಳಿತಾಯ ಹೋಯಿತು. ಹಣವನ್ನು ಅಲ್ಲಿ ಇರಿಸಿದ್ದವನು ಮಗ ಜಾನ್ ಕ್ವಿನ್ಸಿ. ಅವನು ಬಾಸ್ಟನ್ನಿನ ತನ್ನ ಮನೆ ಮಾರಿ ಹಣ ಹೊಂದಿಸಿ, ಅಪ್ಪನ ನಷ್ಟ ತುಂಬಲೆಂದು ಆ ಎರಡೂ ಮನೆಗಳನ್ನು ಕ್ರಯಕ್ಕೆ ಪಡೆದ.