ಸೈಕಲ್ಲಿನ ಹಿಡಿ, ಸವಾರನ ಅಂಗೈ: ಹಿನಕಲ್ ಹಾದಿಯ ಒಂದು ಚರಿತ್ರೆ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯ ಮೇಲೆ, ನಗರದ ವಾಯವ್ಯ ಅಂಚಿನಲ್ಲಿರುವ ಹಿನಕಲ್, ಹೊರವರ್ತುಲ ರಸ್ತೆ ಮತ್ತು ಮೇಲ್ಸೇತುವೆಗಳು ಬರುವ ಮೊದಲು ನನ್ನೇಶ್ವರನ ಹಳೆಯ ಗುಡಿಯಿದ್ದ ಬೇಸಾಯದ ಹಳ್ಳಿಯಾಗಿತ್ತು. ಮುಂದೆ ಅದನ್ನು ಹೂಟಗಳ್ಳಿ ನಗರಸಭೆಯ ವ್ಯಾಪ್ತಿಗೆ ಸೇರಿಸಲಾಯಿತು. ಒಂದು ಮಗ್ಗುಲಿಗೆ ವಿಜಯನಗರ ಬಡಾವಣೆಯೂ ಇನ್ನೊಂದು ಮಗ್ಗುಲಿಗೆ ಹೂಟಗಳ್ಳಿ ಮತ್ತು ಹೆಬ್ಬಾಳದ ಕೈಗಾರಿಕಾ ಪ್ರದೇಶಗಳೂ ಬೆಳೆದು ಊರು ನಗರದೊಳಗೆ ಬೆರೆತುಹೋಗಿದೆ. ಕಳೆದ ಶತಮಾನದಲ್ಲಿ ಇಂಥ ಹೊರವಲಯದ ಹಳ್ಳಿಗಳಿಂದ ಪೇಟೆಗೆ ಹಾಲು, ಸೊಪ್ಪು, ತರಕಾರಿಗಳು ಬಂದದ್ದೂ ಕಾರ್ಖಾನೆಗಳ ಪಾಳಿಗೆ ಕೆಲಸಗಾರರು ಹೋಗಿಬಂದದ್ದೂ ಬಹುಮಟ್ಟಿಗೆ ಸೈಕಲ್ ಮೇಲೆಯೇ. ಅದೇ ರಸ್ತೆಗಳಲ್ಲಿ ಈಗ ಬೆಳಗಿನ ಹೊತ್ತು ದಪ್ಪ ಟೈರಿನ, ಗೇರುಳ್ಳ ಬೆಟ್ಟದ ಸೈಕಲ್ಲುಗಳು, ಅಂದರೆ ಸವಾರರು ಎಂ.ಟಿ.ಬಿ. ಎನ್ನುವ ಬಗೆಯವು, ಕಾಣಿಸುತ್ತವೆ. ಅವುಗಳ ಸವಾರರಲ್ಲಿ ಹಲವರು ಅಂಗೈ ಉರಿಯುತ್ತದೆ, ಬೆರಳಿಗೆ ಜೋಮು ಹಿಡಿಯುತ್ತದೆ ಎಂದು ದೂರುತ್ತಾರೆ. ಈ ನೋವಿನ ಕಾರಣವನ್ನು ಕೈಯಲ್ಲಷ್ಟೇ ಹುಡುಕಿದರೆ ಸಾಲದು. ಸವಾರನ ತೂಕವನ್ನು ಸೀಟು, ಪೆಡಲು ಮತ್ತು ಹ್ಯಾಂಡಲ್‌ಗಳ ನಡುವೆ ಹಂಚುವ ಕ್ರಮವು ಕಾಲಕಾಲಕ್ಕೆ ಬದಲಾದ ಚರಿತ್ರೆಯಲ್ಲಿ ಅದು ಅಡಗಿದೆ.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಪ್ರಚಾರಕ್ಕೆ ಬಂದ ಪೆಡಲುಳ್ಳ ಗಾಡಿಗೆ ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರಗಳಿದ್ದುದರಿಂದ, ಇಂಗ್ಲೆಂಡಿನ ಜನ ಅದನ್ನು ಮೂಳೆ ಅಲುಗಿಸುವ ಯಂತ್ರವೆಂದೇ ಕರೆದರು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ರೋವರ್ ಸೈಕಲ್ಲು, ಹೆಚ್ಚುಕಡಿಮೆ ಸಮಗಾತ್ರದ ಎರಡು ಚಕ್ರಗಳನ್ನೂ ಹಿಂಚಕ್ರಕ್ಕೆ ಚೈನನ್ನೂ ಹೊಂದಿ, ಇಂದಿನ ಸೈಕಲ್ಲಿನ ಆಕಾರವನ್ನು ನಿಲ್ಲಿಸಿಕೊಟ್ಟಿತು. 1887–88ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಗಾಡಿಗೆಂದು ಮಾಡಿದ ಗಾಳಿ ತುಂಬಿದ ಟೈರು ರಸ್ತೆಯ ಕುಲುಕಾಟದ ದೊಡ್ಡ ಪಾಲನ್ನು ತಾನೇ ನುಂಗಿಕೊಂಡಿತು. ಆದರೂ ಕೈನೋವು ಹೋಗಲಿಲ್ಲ. ಹಗುರವಾದ, ವೇಗವಾದ ಸೈಕಲ್ಲಿನ ಮೇಲೆ ಸವಾರರು ಗಾಳಿಯನ್ನು ಸೀಳಲು ಮುಂದಕ್ಕೆ ಬಾಗತೊಡಗಿದರು, ಮೈಭಾರ ಅಂಗೈಗಳ ಮೇಲೆ ಬಿತ್ತು, ಮತ್ತು 1896ರಲ್ಲಿ ಎತಿಯೆನ್ ದೆಸ್ತೊ ಎಂಬ ಫ್ರೆಂಚ್ ವೈದ್ಯ, ಸೈಕಲ್ ಸವಾರರ ಕೈಯಲ್ಲಿ ಅಲ್ನಾರ್ ನರವು ಸೋಲುವುದನ್ನು ವೈದ್ಯಕೀಯ ಬರವಣಿಗೆಯಲ್ಲಿ ದಾಖಲಿಸಿದ.

ಅಲ್ನಾರ್ ನರವೆಂದರೆ ಮೊಣಕೈಯ ಒಳಬದಿಯಿಂದ ಇಳಿದು ಕಿರುಬೆರಳಿಗೂ ಉಂಗುರಬೆರಳಿನ ಅರ್ಧಕ್ಕೂ ಸಂವೇದನೆ ಕೊಡುವ, ಬೆರಳುಗಳನ್ನು ಅಗಲಿಸುವ ಮತ್ತು ಕೂಡಿಸುವ ಸಣ್ಣ ಸ್ನಾಯುಗಳನ್ನು ನಡೆಸುವ ನರ. ಅದು ಅಂಗೈಯೊಳಗೆ ಹೋಗುವಾಗ ಕಿರುಬೆರಳಿನ ಬದಿಯಲ್ಲಿ, ಮಣಿಕಟ್ಟಿನ ಎರಡು ಪುಟ್ಟ ಮೂಳೆಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಹಾಯುತ್ತದೆ. 1861ರಲ್ಲಿ ಅದನ್ನು ವಿವರಿಸಿದ ಫೆಲಿಕ್ಸ್ ಗುಯೋನನ ಹೆಸರಿನಿಂದಲೇ ಆ ದಾರಿಯನ್ನು ಕರೆಯುತ್ತಾರೆ. ಹ್ಯಾಂಡಲ್ ಒತ್ತುವುದು ಹೆಚ್ಚಾಗಿ ಅಲ್ಲಿಯೇ. ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳುಗಳಿಗೆ ಜೋಮು ಹಿಡಿದರೆ ಅದು ಮಣಿಕಟ್ಟಿನ ನಡುವೆ ಹಾಯುವ ಮೀಡಿಯನ್ ಎಂಬ ಇನ್ನೊಂದು ನರದ ದೂರು. ಮಣಿಕಟ್ಟು ಬಹಳ ಹೊತ್ತು ಹಿಂದಕ್ಕೆ ಬಾಗಿದ್ದರೆ ಆ ನರ ಇಕ್ಕಟ್ಟಿಗೆ ಸಿಲುಕುತ್ತದೆ. ಯಾವ ಬೆರಳು ಮರಗಟ್ಟಿತು ಎಂಬುದರಿಂದ ಸೈಕಲ್ಲಿನ ಯಾವ ಭಾಗವನ್ನು ಮೊದಲು ಸರಿಪಡಿಸಬೇಕು ಎಂಬ ಸುಳಿವು ಸಿಗುವುದು ಹೀಗೆ.

ಮೈಸೂರು ಸೀಮೆಯ ಹಳ್ಳಿಗಳಿಗೆ ಬಂದ ಸೈಕಲ್ಲು ಮುಂದಕ್ಕೆ ಬಾಗುವ ಪಂದ್ಯದ ಸೈಕಲ್ಲಲ್ಲ. ಮೊದಲು ಇಂಗ್ಲೆಂಡಿನ ರ‍್ಯಾಲಿ, ಹಂಬರ್, ಹರ್ಕ್ಯುಲಿಸ್ ಸೈಕಲ್ಲುಗಳು ಹಡಗಿನಲ್ಲಿ ಬಂದವು. ಸ್ವಾತಂತ್ರ್ಯದ ನಂತರ ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್, ಸೋನಿಪತ್ತಿನ ಅಟ್ಲಾಸ್, ಲುಧಿಯಾನದ ಹೀರೋ ಕಂಪನಿಗಳು ಅದೇ ಮಾದರಿಯನ್ನು ಇಲ್ಲಿಯೇ ತಯಾರಿಸಿದವು. ಪುರಸಭೆಗೆ ತೆರಿಗೆ ಕಟ್ಟಿ ಲೋಹದ ಬಿಲ್ಲೆ ಹಾಕಿಸಿಕೊಳ್ಳುತ್ತಿದ್ದ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುತ್ತಿದ್ದ, ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿಯುತ್ತಿದ್ದ ಕರಿ ಸೈಕಲ್ಲು ಇದೇ.

ಈ ಕರಿ ಸೈಕಲ್ಲನ್ನು ಹತ್ತಿರದಿಂದ ನೋಡಿದರೆ ಅದರ ರಚನೆಯ ವಿವೇಕ ತಿಳಿಯುತ್ತದೆ. ಸೈಕಲ್ಲು ಸುಮಾರು ಇಪ್ಪತ್ತು ಕಿಲೋ ತೂಗುತ್ತದೆ. ಅದರ ಫೋರ್ಕು, ಅಂದರೆ ಮುಂಚಕ್ರವನ್ನು ಹಿಡಿದಿರುವ ಕವಲು, ಮುಂದಕ್ಕೆ ಚಾಚಿ ಬಾಗಿರುವುದರಿಂದ ಗುಂಡಿಗೆ ಬಿದ್ದಾಗ ಸ್ವಲ್ಪ ಮಣಿದು ಏಟನ್ನು ಕಡಿಮೆ ಮಾಡುತ್ತದೆ. ಇಪ್ಪತ್ತೆಂಟು ಇಂಚಿನ ಚಕ್ರ ಸಣ್ಣ ಗುಂಡಿಗಳೊಳಗೆ ಇಳಿಯದೆ ಮೇಲೆಯೇ ದಾಟುತ್ತದೆ. ಸ್ಪ್ರಿಂಗುಗಳ ಮೇಲೆ ಕೂರಿಸಿದ ಅಗಲವಾದ ಸೀಟು ಬೆನ್ನನ್ನು ನೆಟ್ಟಗಿಟ್ಟು ಮೈಭಾರದ ಬಹುಪಾಲನ್ನು ತಾನೇ ಹೊರುತ್ತದೆ. ಹ್ಯಾಂಡಲ್ಲಿನ ಎರಡು ತುದಿಗಳು ಸವಾರನ ಕಡೆಗೆ ಬಾಗಿ ಬರುವುದರಿಂದ ಅಂಗೈಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ, ಮಣಿಕಟ್ಟು ತಿರುಚಿಕೊಳ್ಳದೆ ಮುಂದೋಳಿನ ನೇರಕ್ಕೇ ಉಳಿಯುತ್ತದೆ. ಅದರ ಕೊರತೆಯಿದ್ದದ್ದು ಬ್ರೇಕಿನಲ್ಲಿ. ಹಿಡಿಯ ಕೆಳಗಿನ ಸರಳನ್ನು ಒತ್ತಿದರೆ ಕಡ್ಡಿಗಳ ಸಾಲೊಂದು ಎಳೆದು ರಬ್ಬರ್ ತುಂಡುಗಳನ್ನು ರಿಮ್ಮಿಗೆ ತಾಗಿಸುತ್ತಿತ್ತು. ಮಳೆಯಲ್ಲಿ ರಿಮ್ಮು ನೆನೆದರೆ ನಾಲ್ಕು ಬೆರಳಿನ ಬಲವೂ ಸಾಲುತ್ತಿರಲಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಹಿಡಿ ಸವೆದಾಗ ಹಳೆಯ ಟ್ಯೂಬಿನ ಪಟ್ಟಿಯನ್ನೋ ಬಟ್ಟೆಯನ್ನೋ ಸುತ್ತುವುದು ರೂಢಿಯಾಗಿತ್ತು. ಅಂಗೈಗೆ ಅದಕ್ಕಿಂತ ಹೆಚ್ಚಿನ ಉಪಚಾರ ಬೇಕಾಗಲಿಲ್ಲ.

ಬೆಟ್ಟದ ಸೈಕಲ್ಲು ಹುಟ್ಟಿದ್ದು ಇಂಥದೇ ಭಾರವಾದ ಹಳೆಯ ಸೈಕಲ್ಲಿನಿಂದ ಎಂಬುದು ಗಮನಾರ್ಹ. ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದ ಯುವಕರು 1930 ಮತ್ತು 40ರ ದಶಕಗಳ ದಪ್ಪ ಟೈರಿನ ಷ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ತಂದು ಗುಡ್ಡದ ಮಣ್ಣುಹಾದಿಗಳಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ರೀಪ್ಯಾಕ್ ಪಂದ್ಯ ನಡೆಯಿತು. ಒಂದು ಇಳಿಜಾರಿನಲ್ಲೇ ಹಿಂಚಕ್ರದ ಬ್ರೇಕು ಕಾದು ಒಳಗಿನ ಗ್ರೀಸು ಸುಟ್ಟುಹೋಗುತ್ತಿದ್ದರಿಂದ ಅದನ್ನು ಮತ್ತೆ ತುಂಬಬೇಕಾಗುತ್ತಿತ್ತು, ಪಂದ್ಯಕ್ಕೆ ಆ ಹೆಸರು ಬಂದದ್ದು ಅದರಿಂದಲೇ. ಜೋ ಬ್ರೀಝ್ 1977ರಲ್ಲಿ ಈ ಬಳಕೆಗೆಂದೇ ಹೊಸ ಚೌಕಟ್ಟು ಕಟ್ಟಿದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಕಾರ್ಖಾನೆಯ ಸರಕಾಗಿ ಹೊರಬಂತು. ಕಡಿದಾದ ಏರಿನಲ್ಲಿ ಮುಂಚಕ್ರ ನೆಲ ಬಿಡದಂತೆ ನೋಡಿಕೊಳ್ಳಲು ಸವಾರನ ತೂಕ ಮುಂದಕ್ಕೆ ಬರಬೇಕಿತ್ತು, ಕಲ್ಲುಗಳ ನಡುವೆ ಹತೋಟಿಗೆ ಅಗಲವಾದ ನೇರ ಹ್ಯಾಂಡಲ್ ಬೇಕಿತ್ತು. ಇವೆರಡೂ ಸೇರಿ ಕರಿ ಸೈಕಲ್ಲು ಬೆನ್ನಿಗೂ ಸೀಟಿಗೂ ಒಪ್ಪಿಸಿದ್ದ ಹೊರೆಯನ್ನು ಅಂಗೈಗೆ ವರ್ಗಾಯಿಸಿದವು.

ಆ ಹೊರೆಯನ್ನು ಇಳಿಸುವ ಯತ್ನಗಳೇ ಮುಂದಿನ ಹಲವು ಸುಧಾರಣೆಗಳ ಹಿಂದಿವೆ. 1989ರಲ್ಲಿ ಆರಂಭವಾದ ರಾಕ್‌ಶಾಕ್ಸ್ ಕಂಪನಿ ಮುಂಚಕ್ರದ ಕವಲಿಗೆ ಗಾಳಿ ಮತ್ತು ಎಣ್ಣೆಯಿಂದ ನಡೆಯುವ ಶಾಕ್ ಅಳವಡಿಸಿತು. ಮುಂದೆ ಎಣ್ಣೆಯ ಒತ್ತಡದ ಡಿಸ್ಕ್ ಬ್ರೇಕುಗಳು ಬಂದು, ನಾಲ್ಕು ಬೆರಳಿನ ಕೆಲಸವನ್ನು ಒಂದೇ ತೋರುಬೆರಳು ಮಾಡುವಂತಾಗಿ, ಉಳಿದ ಮೂರು ಬೆರಳುಗಳು ಹಿಡಿಯ ಮೇಲೆಯೇ ಉಳಿದವು. ಈ ಶತಮಾನದಲ್ಲಿ ಅಂಗೈಯ ಹೊರ ಅಂಚಿಗೆ ಆಸರೆಯಾಗುವ ಚಪ್ಪಟೆ ರೆಕ್ಕೆಯ ಹಿಡಿಗಳು ರೂಢಿಗೆ ಬಂದವು. 1990ರ ದಶಕದಲ್ಲಿ ಕರ್ನಾಟಕದ ಪೇಟೆಗಳಲ್ಲಿ ಎಂ.ಟಿ.ಬಿ., ರೇಂಜರ್ ಎಂದು ಮಾರಾಟವಾದ ಸೈಕಲ್ಲುಗಳಾದರೋ ಬೆಟ್ಟದ ಸೈಕಲ್ಲಿನ ನೇರ ಹ್ಯಾಂಡಲನ್ನೂ ದಪ್ಪ ಟೈರನ್ನೂ ತಂದವೇ ಹೊರತು ಈ ಸುಧಾರಣೆಗಳನ್ನು ತರಲಿಲ್ಲ. ಭಾರದ ಉಕ್ಕಿನ ಚೌಕಟ್ಟು, ಗಟ್ಟಿ ಹಿಡಿ, ಗಡುಸಾದ ಬ್ರೇಕುಗಳ ಜೊತೆಗೆ ಬಾಗಿ ಕೂರುವ ಭಂಗಿ ಸೇರಿದಾಗ ಕೈಗೆ ಎರಡೂ ಕಾಲದ ಕಷ್ಟ ಒಟ್ಟಿಗೆ ಬಂತು.

ನೋವನ್ನು ತಗ್ಗಿಸುವ ಕ್ರಮವೂ ಈ ಚರಿತ್ರೆಯಿಂದಲೇ ಸ್ಪಷ್ಟವಾಗುತ್ತದೆ. ಮೊದಲು ನೋಡಬೇಕಾದದ್ದು ಸೀಟು: ಅದರ ಮೂತಿ ಕೆಳಗೆ ಬಾಗಿದ್ದರೆ ಸವಾರ ಮುಂದಕ್ಕೆ ಜಾರುತ್ತಾ ಪ್ರತಿ ತುಳಿತದಲ್ಲೂ ಕೈಯಿಂದ ತನ್ನನ್ನು ಹಿಂದಕ್ಕೆ ನೂಕಿಕೊಳ್ಳಬೇಕಾಗುತ್ತದೆ, ಆದ್ದರಿಂದ ಅದನ್ನು ಸಮತಟ್ಟಾಗಿಡಬೇಕು. ಎರಡನೆಯದು ಹ್ಯಾಂಡಲ್ಲಿನ ಎತ್ತರ ಮತ್ತು ದೂರ. ಅದನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ ಎಂಬ ತುಂಡನ್ನು ಗಿಡ್ಡದಾಗಿಸಿದರೆ ಅಥವಾ ಎತ್ತರಿಸಿದರೆ ಮೈಭಾರ ಹಿಂದಕ್ಕೆ ಸರಿಯುತ್ತದೆ. ಮೂರನೆಯದು ಬ್ರೇಕಿನ ಲಿವರ್: ಆರುಮೂಲೆಯ ಕೀಲಿಯಿಂದ ಅದರ ತಿರುಪನ್ನು ಸಡಿಲಿಸಿ, ಸವಾರಿಯ ಭಂಗಿಯಲ್ಲಿ ಬೆರಳು ಚಾಚಿದಾಗ ಮುಂದೋಳು, ಮಣಿಕಟ್ಟು ಮತ್ತು ಬೆರಳು ಒಂದೇ ಗೆರೆಯಲ್ಲಿ ಬರುವಂತೆ ತಿರುಗಿಸಿ ಮತ್ತೆ ಬಿಗಿಯಬೇಕು. ಆಮೇಲೆ ಟೈರಿನ ಗಾಳಿ. ಕರಿ ಸೈಕಲ್ಲಿನ ಅಭ್ಯಾಸದಿಂದ ಕಲ್ಲಿನಂತೆ ಗಟ್ಟಿಯಾಗುವವರೆಗೆ ಗಾಳಿ ಹೊಡೆಸಿದರೆ ದಪ್ಪ ಟೈರಿನ ಪ್ರಯೋಜನವೇ ಹೋಗುತ್ತದೆ. ಮೆತ್ತನೆಯ ಹಿಡಿ ಮತ್ತು ಕೈಗವಸುಗಳ ಸರದಿ ಕೊನೆಯದು, ಜನ ಮೊದಲು ಕೊಳ್ಳುವುದು ಅವುಗಳನ್ನೇ ಆದರೂ; ತೂಕ ತಪ್ಪಾದ ಕಡೆ ಬೀಳುತ್ತಿರುವಾಗ ಮೆತ್ತೆ ಹಾಕಿದರೆ ನರದ ಮೇಲಿನ ಒತ್ತಡ ಹೆಚ್ಚು ತಗ್ಗುವುದಿಲ್ಲ. ಹಿಡಿಯನ್ನು ಬಿಗಿಯಾಗಿ ಹಿಂಡದೆ, ಮೊಣಕೈಯನ್ನು ಕೊಂಚ ಮಡಿಸಿ, ಆಗಾಗ ಕೈಯ ಸ್ಥಾನ ಬದಲಿಸುವ ಅಭ್ಯಾಸವೂ ಬೇಕು. ಸವಾರಿ ಮುಗಿದ ಮೇಲೂ ಜೋಮು ಇಳಿಯದಿದ್ದರೆ ಅಥವಾ ಬೆರಳಿನ ಬಲ ಕುಂದಿದರೆ ವೈದ್ಯರಲ್ಲಿಗೆ ಹೋಗಬೇಕು.

2017ರ ಜೂನ್ 4ರಂದು ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಹೆಸರಿನ ಸಾರ್ವಜನಿಕ ಸೈಕಲ್ ಯೋಜನೆ 450 ಸೈಕಲ್ಲುಗಳೊಂದಿಗೆ ಆರಂಭವಾದಾಗ ಅವುಗಳಲ್ಲಿ ಬಹುಪಾಲು ಗೇರಿಲ್ಲದವಾಗಿದ್ದವು. ಊರೊಳಗಿನ ಸವಾರಿಗೆ ಬೆಟ್ಟದ ಸೈಕಲ್ಲಿನ ಸಲಕರಣೆ ಬೇಕಿಲ್ಲವೆಂಬ ತಿಳಿವಳಿಕೆ ಅದರಲ್ಲಿತ್ತು. ಹಿನಕಲ್ಲಿನಿಂದ ಕೆಲಸಕ್ಕೋ ಶಾಲೆಗೋ ಹೋಗಿಬರುವವರಿಗೆ, ತಮಗೆ ಬೇಕಾದದ್ದು ಅಂಗೈಗೆ ಹೊರೆ ಕೊಡದ ನೇರ ಕೂರುವ ಸೈಕಲ್ಲೇ ಎಂದು ಮೊದಲೇ ಕೇಳಿಕೊಳ್ಳುವುದು ಯಾವ ಹಿಡಿಗಿಂತಲೂ ಅಗ್ಗದ ಉಪಾಯ. ಮಣ್ಣುಹಾದಿಗೂ ಬೆಟ್ಟಕ್ಕೂ ಹೋಗಬಯಸುವವರು ಮಾತ್ರ ಎಂ.ಟಿ.ಬಿ.ಯನ್ನು ಆರಿಸಿ ತಮ್ಮ ಮೈಯಳತೆಗೆ ಹೊಂದಿಸಿಕೊಳ್ಳಬೇಕು. ಡಾಂಬರು ಕಿತ್ತ ಅಂಚುಗಳನ್ನೂ ಲೆಕ್ಕವಿಲ್ಲದ ರಸ್ತೆಯುಬ್ಬುಗಳನ್ನೂ ಸರಿಪಡಿಸುವುದು ಮಾತ್ರ ಸವಾರನ ಕೈಲಾಗುವ ಕೆಲಸವಲ್ಲ, ಅದು ಊರಾಡಳಿತದ ಹೊಣೆ. ಆ ಮಟ್ಟಿಗೆ ಅಂಗೈಯ ನೋವು ರಸ್ತೆಯ ಲೆಕ್ಕಕ್ಕೂ ಸೇರಬೇಕಾದ ಬಾಬತ್ತು.